ನಾಯಿ ಊಟ ಎಲ್ಲಿ ಅಗ್ಗ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ತರುವ ಒಣ ಆಹಾರ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ 750 ರೂಪಾಯಿ, ಆನ್‌ಲೈನ್‌ನಲ್ಲಿ ಅದೇ ಬ್ರ್ಯಾಂಡ್ 690. ಅಂಗಡಿಯವರು ಜಾಸ್ತಿ ತಗೊಳ್ತಿದ್ದಾರಾ?

ಉತ್ತರ: ಚೀಲದ ತೂಕ ನೋಡಿದಿರಾ? ಅಂಗಡಿಯದು 3 ಕಿಲೋ, ಆನ್‌ಲೈನ್‌ನದು 2.5 ಕಿಲೋ ಇದ್ದರೆ ಕಿಲೋಗೆ 250 ಎಲ್ಲಿ, 276 ಎಲ್ಲಿ! ಅದರ ಮೇಲೆ ಡೆಲಿವರಿ ಚಾರ್ಜ್ ಇದ್ದರೆ ಅದು ಬೇರೆ. ನಾನೂ ಒಮ್ಮೆ ಫೋಟೋದಲ್ಲಿ ಚೀಲ ದೊಡ್ಡದಾಗಿ ಕಂಡಿತು ಅಂತ ತರಿಸಿ ಪೆಚ್ಚಾಗಿದ್ದೇನೆ. ನಾಯಿ ದಿನಕ್ಕೆ 300 ಗ್ರಾಂ ತಿಂದರೆ 10 ಕಿಲೋ ಚೀಲವೂ ಹೆಚ್ಚುಕಡಿಮೆ ತಿಂಗಳಲ್ಲಿ ಖಾಲಿ, ಅದರ ಕಿಲೋ ರೇಟನ್ನೂ ಕೇಳಿ. ಚಿಕ್ಕ ನಾಯಿಗಾದರೆ ದೊಡ್ಡ ಚೀಲ ಬೇಡ, ತುಂಬಾ ದಿನ ತೆರೆದಿಟ್ಟರೆ ಜಿಡ್ಡು ಕಮಟುತ್ತದೆ, ನಾಯಿ ಮೂಸಿ ನೋಡಿ ಹಾಗೇ ಬಿಡುತ್ತದೆ. ಬಿಡಿಯಾಗಿ ತೂಗಿ ಕೊಡುವುದು ಅಗ್ಗವೇ, ಆದರೆ ಅದರ ಎಕ್ಸ್‌ಪೈರಿ ಡೇಟ್ ಎಲ್ಲಿ ನೋಡುತ್ತೀರಿ?