ಹೃದ್ರೋಗಿಗೆ ವೆಂಟಿಲೇಟರ್: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಹೃದಯಾಘಾತವಾಗಿದ್ದ ತಂದೆಯವರಿಗೆ ಐಸಿಯುನಲ್ಲಿ ಮೊದಲು ಬಿಗಿಯಾದ ಮಾಸ್ಕ್ ಹಾಕಿದರು, ಮರುದಿನ ಗಂಟಲಿಗೆ ನಳಿಗೆ ಇಳಿಸಿ ವೆಂಟಿಲೇಟರ್ ಜೋಡಿಸಿದರು. ಕಾಯಿಲೆ ಹೃದಯದ್ದಲ್ಲವೇ? ಬರೀ ಆಮ್ಲಜನಕ ಸಾಲುತ್ತಿರಲಿಲ್ಲವೇ?

ಉತ್ತರ: ಎಡ ಹೃತ್ಕುಕ್ಷಿ, ಅಂದರೆ ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಎಡ ಕೆಳಕೋಣೆ, ಸೋತರೆ ಶ್ವಾಸಕೋಶದಿಂದ ಬಂದ ರಕ್ತವನ್ನು ಅದು ಪೂರ್ತಿಯಾಗಿ ಮುಂದಕ್ಕೆ ತಳ್ಳಲಾರದು. ಹಿಂದುಗಡೆ ಒತ್ತಡ ಏರುತ್ತದೆ. ಶ್ವಾಸಕೋಶದ ಲೋಮನಾಳಗಳಲ್ಲಿ (ಕೂದಲೆಳೆಯಂಥ ರಕ್ತನಾಳಗಳಲ್ಲಿ) ಆ ಒತ್ತಡ ಸುಮಾರು 25 ಮಿ.ಮೀ. ಪಾದರಸ ದಾಟಿದಾಗ ಗಾಳಿಗೂಡುಗಳೊಳಗೆ ನೀರು ಜಿನುಗತೊಡಗುತ್ತದೆ. ನೀರು ತುಂಬಿದ ಗೂಡಿನಿಂದ ಆಮ್ಲಜನಕ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ, ಹಾಗಾಗಿ ಸಾದಾ ಮಾಸ್ಕಿನಲ್ಲಿ ಎಷ್ಟು ಕೊಟ್ಟರೂ ಸಾಲದೆ ಹೋಗಬಹುದು. ಧಮನಿ ರಕ್ತದಲ್ಲಿ ಆಮ್ಲಜನಕದ ಒತ್ತಡ 60 ಮಿ.ಮೀ.ಗಿಂತ ಕೆಳಗಿಳಿದರೆ ಅದನ್ನು ಉಸಿರಾಟ ವೈಫಲ್ಯ ಎನ್ನುತ್ತೇವೆ.

ಇನ್ನೊಂದು ಹೊರೆಯೂ ಇದೆ. ಆರೋಗ್ಯವಂತರಲ್ಲಿ ಉಸಿರಾಟದ ಸ್ನಾಯುಗಳು ಬಳಸುವುದು ದೇಹದ ಒಟ್ಟು ಆಮ್ಲಜನಕದಲ್ಲಿ ಶೇ. 5ಕ್ಕಿಂತ ಕಡಿಮೆ. ಏದುಸಿರು ಬಿಡುವವರಲ್ಲಿ ಅದು ಶೇ. 20 ದಾಟಬಹುದು. ಮೊದಲೇ ಸೋತ ಹೃದಯದಿಂದ ಅಷ್ಟು ರಕ್ತ ಆ ಸ್ನಾಯುಗಳಿಗೇ ಹೋದರೆ ಮಿದುಳು, ಮೂತ್ರಪಿಂಡಗಳಿಗೆ ಉಳಿಯುವುದೇನು?

ಬಿಗಿ ಮಾಸ್ಕ್, ಅಂದರೆ ಸಿಪ್ಯಾಪ್ ಅಥವಾ ಬೈಪ್ಯಾಪ್, 5ರಿಂದ 10 ಸೆಂ.ಮೀ. ನೀರಿನಷ್ಟು ಒತ್ತಡವನ್ನು ಬಿಡದೆ ಕೊಟ್ಟು ಗಾಳಿಗೂಡುಗಳನ್ನು ತೆರೆದಿಡುತ್ತದೆ. ಎದೆಗೂಡಿನೊಳಗೆ ಒತ್ತಡ ಹೆಚ್ಚಿದಾಗ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ, ಎಡ ಹೃತ್ಕುಕ್ಷಿಯ ಶ್ರಮವೂ ತಗ್ಗುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಫ್ಯುರೋಸೆಮೈಡ್, ಬಿಪಿ ಸಾಕಷ್ಟಿದ್ದರೆ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ನಡೆಯುತ್ತಿರುತ್ತವೆ. ಒಂದೆರಡು ಗಂಟೆಯಲ್ಲಿ ಉಸಿರಿನ ವೇಗ ಇಳಿಯದಿದ್ದರೆ, ರೋಗಿ ಮಂಕಾದರೆ, ವಾಂತಿ ಮಾಡಿಕೊಂಡರೆ ಅಥವಾ ಬಿಪಿ ಕುಸಿದರೆ ನಳಿಗೆ ಹಾಕುವುದೇ ಸರಿ. ಮಾಸ್ಕನ್ನೇ ನೆಚ್ಚಿ ತಡಮಾಡುವುದು ಅಪಾಯ.

ಪ್ರಶ್ನೆ: ನಳಿಗೆ ಹಾಕಿದ ಕೂಡಲೇ ಬಿಪಿ ಬಿತ್ತು ಎಂದರು. ಯಂತ್ರದಿಂದಲೇ ಹಾಗಾಗುತ್ತದೆಯೇ?

ಉತ್ತರ: ಆಗಬಹುದು. ಅರಿವಳಿಕೆ ಮದ್ದು ರಕ್ತನಾಳಗಳನ್ನು ಸಡಿಲಿಸುತ್ತದೆ, ಅದೇ ಹೊತ್ತಿಗೆ ಯಂತ್ರದ ಒತ್ತಡದಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿಗೆ ಪೆಟ್ಟು ಬಿದ್ದವರಲ್ಲಿ ಇದು ಇನ್ನೂ ಜೋರು: ಎಡಭಾಗಕ್ಕೆ ಅನುಕೂಲವಾದ ಅದೇ ಒತ್ತಡ ಬಲಭಾಗಕ್ಕೆ ಹೊರೆಯಾಗುತ್ತದೆ. ಆದ್ದರಿಂದಲೇ ಬಿಪಿ ಏರಿಸುವ ನಾರ್ ಅಡ್ರಿನಲಿನ್ ಸಿದ್ಧವಿಟ್ಟುಕೊಂಡು, ಮದ್ದಿನ ಪ್ರಮಾಣ ಇಳಿಸಿ, ಪೀಪ್ ಒತ್ತಡವನ್ನು (ಉಸಿರು ಬಿಟ್ಟ ಮೇಲೂ ಯಂತ್ರ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5 ಸೆಂ.ಮೀ. ನೀರಿನಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ.

ಪ್ರತಿ ಉಸಿರಿಗೆ ಕೊಡುವ ಗಾಳಿಯನ್ನು ಲೆಕ್ಕ ಹಾಕುವುದು ರೋಗಿಯ ಎತ್ತರದಿಂದ, ತೂಕದಿಂದಲ್ಲ. ಊತವಿರುವ ಅಥವಾ ದಪ್ಪಗಿರುವ ರೋಗಿಯ ಶ್ವಾಸಕೋಶವೇನೂ ದೊಡ್ಡದಾಗಿರುವುದಿಲ್ಲ. 165 ಸೆಂ.ಮೀ. ಎತ್ತರದ ಗಂಡಸಿಗೆ ಲೆಕ್ಕದ ತೂಕ (ನಿಜವಾದ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು) ಸುಮಾರು 61 ಕಿಲೋ; ಕಿಲೋಗೆ 6ರಿಂದ 8 ಮಿ.ಲೀ.ನಂತೆ 370ರಿಂದ 490 ಮಿ.ಲೀ. ಉಸಿರು ತುಂಬಿ ನಿಂತಾಗಿನ ಒತ್ತಡ 30 ಸೆಂ.ಮೀ. ನೀರು ಮೀರಬಾರದು.

ಪ್ರಶ್ನೆ: ನಳಿಗೆ ತೆಗೆಯಲು ಎರಡು ಸಲ ನೋಡಿದರು, ಎರಡೂ ಸಲ ಮತ್ತೆ ಯಂತ್ರಕ್ಕೆ ಹಾಕಿದರು. ಶ್ವಾಸಕೋಶ ಸರಿಯಾಗಿದೆ ಎನ್ನುತ್ತಾರೆ. ಹಾಗಾದರೆ ತಡೆ ಎಲ್ಲಿ?

ಉತ್ತರ: ಹೃದ್ರೋಗಿಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಹೃದಯವನ್ನೇ. ಯಂತ್ರದ ಒತ್ತಡ ತೆಗೆದೊಡನೆ ತಡೆದಿದ್ದ ರಕ್ತವೆಲ್ಲ ಹೃದಯಕ್ಕೆ ನುಗ್ಗುತ್ತದೆ, ಎಡ ಹೃತ್ಕುಕ್ಷಿಯ ಶ್ರಮ ಏರುತ್ತದೆ, ಉಸಿರಾಟದ ಸ್ನಾಯುಗಳು ಮತ್ತೆ ರಕ್ತ ಬೇಡುತ್ತವೆ. ಶ್ವಾಸಕೋಶಕ್ಕೆ ಮತ್ತೆ ನೀರಿಳಿಯುತ್ತದೆ. 30 ನಿಮಿಷದಿಂದ 2 ಗಂಟೆಯವರೆಗೆ ತಾನೇ ಉಸಿರಾಡಲು ಬಿಡುವ ಪರೀಕ್ಷೆಯಲ್ಲಿ ಇದು ಕಾಣಿಸುತ್ತದೆ: ಬೆವರು, ಏರುವ ಬಿಪಿ, ನಿಮಿಷಕ್ಕೆ 35 ದಾಟುವ ಉಸಿರು. ಆಗ ಮತ್ತೆ ಮತ್ತೆ ಪರೀಕ್ಷಿಸುತ್ತಾ ಹೋದರೆ ಪ್ರಯೋಜನವಿಲ್ಲ. ಪರೀಕ್ಷೆಯ ನಡುವೆಯೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ, ಫ್ಯುರೋಸೆಮೈಡ್‌ನಿಂದ ಹೆಚ್ಚುವರಿ ನೀರು ತೆಗೆಸಿ, ಬಿಪಿ ಹತೋಟಿಗೆ ತಂದು, ಹೃದಯಕ್ಕೆ ರಕ್ತದ ಕೊರತೆ ಇದೆಯೇ ನೋಡಿ ಆಮೇಲೆ ಯತ್ನಿಸಬೇಕು. ನಳಿಗೆ ತೆಗೆದ ತಕ್ಷಣ ಬೈಪ್ಯಾಪ್ ಹಾಕುವುದರಿಂದ ಇಂಥವರಿಗೆ ಬಹಳ ಸಹಾಯವಾಗುತ್ತದೆ. ನಿಮ್ಮ ವೈದ್ಯರನ್ನು ಇದೊಂದನ್ನು ಕೇಳಿ: "ಪರೀಕ್ಷೆ ಸೋತಾಗ ಎಕೋದಲ್ಲಿ ಏನು ಕಂಡಿತು?"

ಪ್ರಶ್ನೆ: ಅವರಿಗೆ ನಮ್ಮ ಮಾತು ಕೇಳಿಸುತ್ತದೆಯೇ?

ಉತ್ತರ: ನಿದ್ದೆಮದ್ದು ಹಗುರವಾಗಿದ್ದರೆ ಕೇಳಿಸುತ್ತದೆ. ನಳಿಗೆ ಸ್ವರತಂತುಗಳ ನಡುವೆ ಹಾದುಹೋಗುವುದರಿಂದ ಮಾತು ಹೊರಡುವುದಿಲ್ಲ, ಅಷ್ಟೇ. ಹೌದು ಎನ್ನಲು ಕೈ ಅದುಮುವಂತೆ ಹೇಳಿ, ದಿನ, ಹೊತ್ತು ತಿಳಿಸಿ. ಅವರು ಕನ್ನಡಕ, ಶ್ರವಣಯಂತ್ರ ಬಳಸುತ್ತಿದ್ದರೆ ನರ್ಸ್ ಕೈಗೆ ಕೊಟ್ಟು ಹಾಕಿಸಿ.