ಫೆಬ್ರವರಿಯಲ್ಲಿ ಲಾ ಸಾಲ್ ಬೆಟ್ಟಕ್ಕೆ ಹೋಗಬಹುದಾ? ಸ್ವಲ್ಪ ಉದ್ದದ ಉತ್ತರ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಫೀನಿಕ್ಸ್‌ನಿಂದ ನಾಲ್ಕು ಜನ ಸ್ನೇಹಿತರು, ಇಬ್ಬರದು ಸ್ಕೀ, ಇಬ್ಬರದು ಸ್ಪ್ಲಿಟ್‌ಬೋರ್ಡ್ (ಹತ್ತುವಾಗ ಎರಡು ಸ್ಕೀಗಳಂತೆ ಬಿಡಿಸಿ, ಇಳಿಯುವಾಗ ಜೋಡಿಸಿಕೊಳ್ಳುವ ಸ್ನೋಬೋರ್ಡ್). ರೆಸಾರ್ಟ್‌ನಲ್ಲಿ ಎಲ್ಲರೂ ಚೆನ್ನಾಗಿ ಇಳಿಯುತ್ತೀರಿ. ಫೆಬ್ರವರಿಯ ಲಾಂಗ್ ವೀಕೆಂಡಿಗೆ ಯೂಟಾದ ಮೋಆಬ್ ಪಕ್ಕದ ಲಾ ಸಾಲ್ ಬೆಟ್ಟಗಳಿಗೆ ಹೋಗಿ, ಟುಕುನಿಕಿವಾಟ್ಸ್ (ಚಿಕ್ಕದಾಗಿ ಟುಕ್) ಶಿಖರದ ಉತ್ತರ ಮುಖ ಇಳಿಯುವ ಆಸೆ. ಕೊನೆಗೆ ಒಂದು ಮಾತು ಸೇರಿಸಿದ್ದೀರಿ: "ಮರುಭೂಮಿ ಬೆಟ್ಟ, ಹಿಮ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ ಅಲ್ವಾ?"

ಅಲ್ಲ. ಹಿಮ ಕಡಿಮೆ ಇರುವುದೇ ಅಲ್ಲಿನ ತೊಂದರೆ.

ಕಾರಣ ಹೇಳುತ್ತೇನೆ. ನೆಲಕ್ಕೆ ತಾಗಿದ ಹಿಮ ಸುಮಾರು 0 ಡಿಗ್ರಿಯಲ್ಲಿರುತ್ತದೆ. ಒಣ ಹವೆ, ಮೋಡವಿಲ್ಲದ ರಾತ್ರಿ. ಹಾಗಾಗಿ ಮೇಲ್ಮೈ ಮೈನಸ್ 15, 20ಕ್ಕೆ ಇಳಿಯುತ್ತದೆ. ಎರಡು ಮೀಟರ್ ಹಿಮ ಇದ್ದರೆ ಈ ವ್ಯತ್ಯಾಸ ಅಷ್ಟುದ್ದಕ್ಕೂ ಹರಡಿಕೊಳ್ಳುತ್ತದೆ. ಮೊಣಕಾಲೆತ್ತರ ಮಾತ್ರ ಇದ್ದರೆ ಅಷ್ಟೂ ಅದರೊಳಗೇ ಆಗಬೇಕು. 10 ಸೆಂಟಿಮೀಟರಿಗೆ 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಒಳಗಿನ ಹಿಮದ ಹರಳುಗಳು ಒಂದಕ್ಕೊಂದು ಅಂಟುವುದನ್ನು ಬಿಟ್ಟು ದಪ್ಪ, ಮೂಲೆಮೂಲೆಯ ಕಾಳುಗಳಾಗುತ್ತವೆ. ಅಗೆದು ಕೈಗೆ ತಗೊಂಡು ನೋಡಿ. ಉಂಡೆ ಕಟ್ಟಲು ಬರುವುದಿಲ್ಲ, ಬನ್ಸಿ ರವೆ ಥರ ಬೆರಳ ಸಂದಿಯಿಂದ ಸೋರಿಹೋಗುತ್ತದೆ. ನವೆಂಬರಿನಲ್ಲಿ ಬಿದ್ದ ಹಿಮ ಹೀಗೆ ಕೆಟ್ಟು ಕೂತಿರುತ್ತದೆ. ಜನವರಿ, ಫೆಬ್ರವರಿಯ ಹೊಸ ಹಿಮ ಅದರ ಮೇಲೆ ಗಟ್ಟಿ ಚಪ್ಪಡಿಯಾಗುತ್ತದೆ. ನೀವು ಹೋಗಿ ನಿಲ್ಲುವುದು ಆ ಚಪ್ಪಡಿಯ ಮೇಲೆ.

ಈ ಕೆಟ್ಟ ಪದರ ಎಲ್ಲಿ ಜಾಸ್ತಿ ದಿನ ಉಳಿಯುತ್ತದೆ ಗೊತ್ತಾ? ಬಿಸಿಲು ಬೀಳದ ಉತ್ತರ, ಈಶಾನ್ಯ ಮುಖಗಳಲ್ಲಿ. ಇಳಿಯಲು ಮಜಾ ಕೊಡುವ ಪೌಡರ್, ಅಂದರೆ ಹಗುರ ಪುಡಿ ಹಿಮ ಇರುವುದೂ ಅಲ್ಲೇ. ಇದರ ಮೇಲೆ ಗಾಳಿ ಬೇರೆ. ನೈಋತ್ಯಕ್ಕೆ ಬಯಲೋ ಬಯಲು, ತಡೆಯುವ ಬೆಟ್ಟವಿಲ್ಲ. ಬಿರುಗಾಳಿ ಬಂದಾಗಲೆಲ್ಲ ಏಣಿನ ಆ ಕಡೆಯ ಹಿಮವನ್ನು ಗುಡಿಸಿ ಈ ಕಡೆಗೆ, ಅಂದರೆ ಉತ್ತರ ಮತ್ತು ಪೂರ್ವದ ಇಳಿಜಾರಿಗೆ ತಂದು ಸುರಿಯುತ್ತದೆ. ನೀವು ಆಸೆಪಟ್ಟ ಟುಕ್‌ನ ಉತ್ತರ ಮುಖ ಸರಿಯಾಗಿ ಇದೇ ದಿಕ್ಕಿನಲ್ಲಿದೆ. 12,482 ಅಡಿ ಎತ್ತರ, ಕಡಿದಾದ ಇಳಿಜಾರು. ಅದರ ಬುಡದ ಗೋಲ್ಡ್ ಬೇಸಿನ್‌ನಲ್ಲಿ 1992ರ ಫೆಬ್ರವರಿಯಲ್ಲಿ ಒಂದೇ ಹಿಮಕುಸಿತಕ್ಕೆ 4 ಜನ ಸತ್ತರು. ಅವರಲ್ಲಿ ಒಬ್ಬರಿಗೆ ಆ ಬೆಟ್ಟಗಳ ಹಿಮಕುಸಿತದ ಮುನ್ಸೂಚನೆ ಕೊಡುವುದೇ ಕೆಲಸವಾಗಿತ್ತು. ಹೆದರಿಸಲು ಹೇಳುತ್ತಿಲ್ಲ. ತಿಳಿದವರನ್ನೂ ಆ ಜಾಗ ಬಿಟ್ಟಿಲ್ಲ ಅಂತ ಗೊತ್ತಿರಲಿ.

ಹಾಗಾದರೆ ಹೋಗುವುದೇ ಬೇಡವಾ? ಹೋಗಿ, ಖಂಡಿತ ಹೋಗಿ. ಫೆಬ್ರವರಿಗೆ ಟುಕ್ ಬಿಡಿ, ಅಷ್ಟೇ. ಗೀಸರ್ ಪಾಸ್ ಟ್ರೇಲ್‌ಹೆಡ್‌ನಿಂದ ಹೊರಟು, ಮರಗಳ ನಡುವಿನ, 30 ಡಿಗ್ರಿಗಿಂತ ಕಡಿಮೆ ಇಳಿಜಾರುಗಳಲ್ಲೇ ಇರಿ. ಹಿಮಕುಸಿತ ಬಹುತೇಕ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಆಗುವುದು. ಫೋನಿನ ಮ್ಯಾಪ್‌ನಲ್ಲಿ ಇಳಿಜಾರಿನ ಬಣ್ಣ ತೋರಿಸುವ ಪದರ ಹಾಕಿಕೊಂಡು ಮನೆಯಲ್ಲೇ ದಾರಿ ಗುರುತು ಮಾಡಿ. ಒಂದು ಎಚ್ಚರಿಕೆ: ನೀವು ನಿಂತ ಜಾಗ ಚಪ್ಪಟೆ ಇದ್ದರೆ ಸಾಲದು, ತಲೆಯ ಮೇಲೆ ಏನಿದೆ ನೋಡಿ. ಕೆಳಗಿನ ಬಯಲಲ್ಲಿ ನಡೆಯುತ್ತಾ ಮೇಲಿನ ಮುಖವನ್ನು ಕೆಡವಬಹುದು. ಕಾಲಡಿ 'ಧುಪ್' ಅಂತ ಹಿಮ ಕುಸಿದ ಸದ್ದು ಬಂದರೆ ಅದು ಬೆಟ್ಟವೇ ಕೊಟ್ಟ ಉತ್ತರ. ಅಲ್ಲಿಂದ ಮುಂದೆ ಚರ್ಚೆ ಬೇಡ, ವಾಪಸ್ ಬನ್ನಿ.

ಯೂಟಾ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ಮೋಆಬ್ ಭಾಗಕ್ಕೆ ಬೇರೆಯಾಗಿಯೇ ಮುನ್ಸೂಚನೆ ಕೊಡುತ್ತದೆ. ಅಪಾಯದ ಮಟ್ಟ ಹೇಳುವ 1ರಿಂದ 5ರ ನಂಬರ್ ಮಾತ್ರ ನೋಡಿ ಮುಚ್ಚಬೇಡಿ. ಜೊತೆಗೆ ಒಂದು ಚಕ್ರದ ಚಿತ್ರ ಇರುತ್ತದೆ, ಯಾವ ದಿಕ್ಕು, ಯಾವ ಎತ್ತರದಲ್ಲಿ ಅಪಾಯ ಅಂತ. ಹೋಗುವ ದಿನ ಒಂದು ಸಲ ಓದುವುದಲ್ಲ, ಡಿಸೆಂಬರಿನಿಂದಲೇ ಓದುತ್ತಾ ಬನ್ನಿ. ಆ ಸೀಸನ್ನಿನ ಕಥೆ ತಲೆಯಲ್ಲಿ ಕೂರುತ್ತದೆ.

ಈಗ ಸ್ಪ್ಲಿಟ್‌ಬೋರ್ಡ್ ಇಬ್ಬರಿಗೆ. (ಇದು ಯೂಟಾದ್ದೇ ಕೂಸು ಅನ್ನಬಹುದು. 90ರ ದಶಕದ ಮೊದಲ ಭಾಗದಲ್ಲಿ ಸಾಲ್ಟ್ ಲೇಕ್‌ನ ವೊಯ್ಲೆ ಕಂಪನಿ, ಮನೆಯಲ್ಲೇ ಬೋರ್ಡನ್ನು ಗರಗಸದಲ್ಲಿ ಎರಡು ಸೀಳಿ ಜೋಡಿಸಿಕೊಳ್ಳುವ ಕಿಟ್ ಮಾರುತ್ತಿತ್ತು!) ಹತ್ತುವಾಗ ನಿಮಗೂ ಸ್ಕೀಯವರಿಗೂ ದೊಡ್ಡ ವ್ಯತ್ಯಾಸವಿಲ್ಲ. ಕಷ್ಟ ವಾಪಸ್ ಬರುವಾಗ. ಆ ದಾರಿ ಒಂದಿಷ್ಟು ಇಳಿದು, ಸಮತಟ್ಟಾಗಿ, ಮತ್ತೆ ಸ್ವಲ್ಪ ಏರುತ್ತದೆ. ಸ್ಕೀಯವರು ಕೋಲು ಊರಿ ಜಾರಿಕೊಂಡು ಹೋಗುತ್ತಾರೆ, ಬೋರ್ಡಿನವರು ನಿಂತಲ್ಲೇ ನಿಲ್ಲುತ್ತಾರೆ. ಮಡಚುವ ಪೋಲ್ ಕೈಯಲ್ಲೇ ಇರಲಿ, ಬ್ಯಾಗಿನೊಳಗೆ ಬೇಡ. ಸ್ಕೀಯವರಿಗೆ ಮೊದಲೇ ಹೇಳಿಡಿ, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ನಿಲ್ಲಬೇಕು ಅಂತ. ಇನ್ನೊಂದು: ಬೋರ್ಡಿನ ಎರಡು ಭಾಗ ಜೋಡಿಸುವಾಗ ಪಕ್‌ಗಳ (ಬೈಂಡಿಂಗ್ ಕೂರುವ ಪ್ಲಾಸ್ಟಿಕ್ ತುಂಡುಗಳು) ಮೇಲೆ ಮಂಜುಗಡ್ಡೆ ಕಟ್ಟಿ ಬೈಂಡಿಂಗ್ ಒಳಗೆ ಹೋಗುವುದೇ ಇಲ್ಲ. ಗಾಳಿಯಲ್ಲಿ ಗ್ಲೌಸ್ ಬಿಚ್ಚಿ ಒದ್ದಾಡಬೇಡಿ. ಜೇಬಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಟುಕೊಳ್ಳಿ, ಹಳೆಯ ಗಿಫ್ಟ್ ಕಾರ್ಡ್ ಆದರೂ ನಡೆಯುತ್ತದೆ.

ಮೋಆಬ್‌ಗೇ ಸೇರಿದ ಕಾಟ ಅಂದರೆ ಕೆಂಪು ಮರಳು. ಕಾರಿನ ಮ್ಯಾಟ್ ಮೇಲೆ, ಟೆಂಟಿನಲ್ಲಿ, ಎಲ್ಲೆಲ್ಲೂ. ಸ್ಕಿನ್‌ನ (ಹತ್ತುವಾಗ ಜಾರದಂತೆ ಸ್ಕೀ, ಬೋರ್ಡಿನ ತಳಕ್ಕೆ ಅಂಟಿಸುವ ಪಟ್ಟಿ) ಅಂಟಿಗೆ ಒಂದು ಸಲ ಮೆತ್ತಿಕೊಂಡರೆ ಮುಗಿಯಿತು, ಬೆಟ್ಟದ ಮೇಲೆ ಅದು ಹಿಡಿಯುವುದಿಲ್ಲ. ಸ್ಕಿನ್ ಮಡಚಿ ಚೀಲಕ್ಕೆ ಹಾಕುವುದು ಮೇಲೆ, ಹಿಮದಲ್ಲಿ ನಿಂತಾಗಲೇ ಆಗಲಿ. ಹಿಡಿಯದ ಸ್ಕಿನ್ ಕಟ್ಟಿಕೊಳ್ಳಲು ಗಟ್ಟಿ ಡಕ್ಟ್ ಟೇಪಿನ ಒಂದು ಸುರುಳಿ, ಎರಡು ವೊಯ್ಲೆ ಸ್ಟ್ರ್ಯಾಪ್ (ಹಿಗ್ಗುವ ಪಟ್ಟಿ) ಗುಂಪಿಗೆ ಇರಲೇಬೇಕು.

ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ನಾಲ್ವರಿಗೂ ಬೇಕು. ಮೂರು ಸೆಟ್ ಇದೆ, ಹಂಚಿಕೊಳ್ಳೋಣ ಅನ್ನುವ ಹಾಗಿಲ್ಲ. ಹೂತುಹೋದವರನ್ನು ಮೊದಲ 10, 15 ನಿಮಿಷದಲ್ಲಿ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಆಮೇಲೆ ಬೇಗ ಕುಸಿಯುತ್ತದೆ. ರೆಸ್ಕ್ಯೂ ತಂಡ ಬರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ, ಹಾಗಾಗಿ ನೀವೇ ಅಗೆಯಬೇಕು. ಫೀನಿಕ್ಸ್‌ನ ಪಾರ್ಕಿನ ಮರಳಲ್ಲಿ ಒಂದು ಬೀಕನ್ ಹೂತು ಅಭ್ಯಾಸ ಮಾಡಿ, ನಗುವವರು ನಗಲಿ. ಫೋನನ್ನು ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇಡಿ, ಹುಡುಕುವಾಗ 50. ಮೊಬೈಲ್ ಸಿಗ್ನಲ್ ನಂಬಬೇಡಿ, ಒಂದು ಸ್ಯಾಟಲೈಟ್ ಮೆಸೆಂಜರ್ ಇರಲಿ.

ಊಟಕ್ಕೆ ಚಪಾತಿ ರೋಲ್. ಎನರ್ಜಿ ಬಾರ್ ಆ ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತದೆ. ಟ್ರೇಲ್‌ಹೆಡ್ಡೇ 9,600 ಅಡಿ, ಫೀನಿಕ್ಸ್‌ನವರಿಗೆ ಮೊದಲ ದಿನ ತಲೆನೋವು ಬಂದರೆ ಆಶ್ಚರ್ಯವಿಲ್ಲ. ನೀರು ಕುಡಿಯಿರಿ, ನಿಧಾನಕ್ಕೆ ಹತ್ತಿ. ಮೇಲಿನ ರಸ್ತೆ ಮಣ್ಣಿನದು. ಹಿಮ ಬಿದ್ದ ಮರುದಿನವೇ ತೆಗೆದಿರುತ್ತಾರೆ ಅಂತಿಲ್ಲ. ಫೋರ್ ವೀಲ್ ಡ್ರೈವ್ ಮತ್ತು ಒಳ್ಳೆ ಟೈರ್ ಬೇಕು.

ನನಗೆ ನಿಮ್ಮ ಗುಂಪಿನಲ್ಲಿ ನಿಜಕ್ಕೂ ಚಿಂತೆ ಇರುವುದು ಸಾಮಾನಿನ ಬಗ್ಗೆ ಅಲ್ಲ. ಒಂದು ದಿನವೆಲ್ಲ ಡ್ರೈವ್ ಮಾಡಿಕೊಂಡು ಬಂದಿರುತ್ತೀರಿ, ರಜೆ ಹಾಕಿರುತ್ತೀರಿ. ಆಮೇಲೆ "ಬೇಡ" ಅನ್ನಲು ಬಾಯಿ ಬರುವುದಿಲ್ಲ. ನಮ್ಮಲ್ಲಂತೂ ದೊಡ್ಡವನು, ಅನುಭವಸ್ಥ ಮುಂದೆ ಹೋಗುತ್ತಿದ್ದರೆ ಉಳಿದವರು ಸುಮ್ನೆ ಹಿಂದೆ ಹೋಗುವುದೇ ರೂಢಿ. ಹೊರಡುವ ಹಿಂದಿನ ರಾತ್ರಿ ಮಾತಾಡಿಕೊಳ್ಳಿ: ನಾಲ್ವರಲ್ಲಿ ಯಾರೇ ಒಬ್ಬರು ಬೇಡ ಅಂದರೂ ವಾಪಸ್, ಕಾರಣ ಕೇಳುವಂತಿಲ್ಲ. ಅದೃಷ್ಟಕ್ಕೆ ಮೋಆಬ್‌ನಲ್ಲಿ ಇದು ಸುಲಭ. ಬೆಟ್ಟ ಕೈಕೊಟ್ಟರೆ ಕೆಳಗೆ 4,000 ಅಡಿಯಲ್ಲಿ ಬಂಡೆಗಳು ಒಣಗಿರುತ್ತವೆ. ಆರ್ಚಸ್ ಪಾರ್ಕಿನಲ್ಲಿ ಅಡ್ಡಾಡಿ, ಬೈಕ್ ಬಾಡಿಗೆಗೆ ತಗೊಳ್ಳಿ.

ಟುಕ್ ಬೇಕೇ ಬೇಕು ಅಂದರೆ ವಸಂತದಲ್ಲಿ ಬನ್ನಿ. ರಾತ್ರಿ ಗಟ್ಟಿಯಾಗಿ ಹಗಲು ಕರಗಿ ಹಿಮ ಒಂದು ಹದಕ್ಕೆ ಬಂದಿರುತ್ತದೆ. ಆಗಲೂ ಕೆಂಪು ಧೂಳಿನ ಮೇಲೆ ಕಣ್ಣಿರಲಿ. ಗಾಳಿಗೆ ಬಂದು ಕೂತ ಧೂಳು ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ, ಒದ್ದೆ ಹಿಮ ಜಾರುವುದೂ ಬೇಗ. ಬೂಟು ಕಣಕಾಲಿನವರೆಗೆ ಹೂತುಕೊಳ್ಳಲು ಶುರುವಾಗುವ ಮೊದಲೇ ಕೆಳಗಿರಬೇಕು. ಅಷ್ಟರೊಳಗೆ ನಾಲ್ವರೂ ಹಿಮಕುಸಿತದ ಲೆವೆಲ್ 1 ಕೋರ್ಸ್ ಮಾಡಿ, ಮೂರು ದಿನದ್ದು. ಒಬ್ಬರು ಮಾಡಿ ಉಳಿದವರಿಗೆ ಹೇಳಿಕೊಟ್ಟರೆ ಆಗಲ್ವಾ ಅಂತ ಕೇಳಬೇಡಿ, ಆಗಲ್ಲ. ಹೂತುಹೋಗುವುದು ಆ ಒಬ್ಬರೇ ಆಗಿರಬಹುದು.