ಒಂದು ಕಾರ್ಡಿಗೆ ಒಂದೇ ಮನೆ

ತಂಗೀ,

ನಿನ್ನ ಪತ್ರ ಓದಿದೆ. ಸಿಯಾಟಲ್ ಪಕ್ಕದ ಬೆಲ್ವ್ಯೂಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಮಗನಿಗೆ ಆಗಲೇ ಆಟಗಾರರ ಫೋಟೊ ಇರುವ ಬೇಸ್‌ಬಾಲ್ ಕಾರ್ಡು ಕೂಡಿಸುವ ಹುಚ್ಚು ಹತ್ತಿದೆ ಅಂತ ಬರೆದಿದ್ದೀಯ. ಊಟದ ಮೇಜಿನ ತುಂಬಾ ಕಾರ್ಡು. ತಂಡದ ಪ್ರಕಾರ ಜೋಡಿಸಿದರೆ ಆಟಗಾರ ಚದುರಿ ಹೋಗುತ್ತಾನೆ, ಆಟಗಾರನ ಪ್ರಕಾರ ಜೋಡಿಸಿದರೆ ಸೆಟ್ (ಒಂದು ವರ್ಷ ಒಂದು ಕಂಪನಿ ನಂಬರು ಹಾಕಿ ತಂದ ಕಾರ್ಡುಗಳ ಪೂರ್ತಿ ಸಾಲು) ಒಡೆಯುತ್ತದೆ, ಕೊನೆಗೆ ಮಗು ಅಳುತ್ತಾ ಎಲ್ಲ ಡಬ್ಬಕ್ಕೆ ಸುರಿಯುತ್ತದೆ. ಇಲ್ಲಿನವರು ಇದನ್ನು ಹೇಗೆ ನಿಭಾಯಿಸುತ್ತಾರೆ ಅಕ್ಕ, ಇದಕ್ಕೆ ದುಡ್ಡು ಹಾಕೋದು ಸರಿಯಾ ಅಂತ ಕೇಳಿದ್ದೀಯ. ವೀಸಾ, ಶಾಲೆ, ಮಳೆಗಾಲದ ಬೇಸರದ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಇದಕ್ಕೇ ಮೊದಲು ಉತ್ತರ, ಯಾಕೆಂದರೆ ಈ ಊರಿನಲ್ಲಿ ಅಕ್ಕಪಕ್ಕದವರ ಜೊತೆ ನನಗೆ ಮಾತು ಬೆಳೆದದ್ದೇ ಈ ಕಾರ್ಡುಗಳಿಂದ.

ಟಾಪ್ಸ್ ಅನ್ನುವ ಕಂಪನಿ 2001ರಲ್ಲಿ ತಂದ ಇಚಿರೊ ಸುಜುಕಿಯ ಕಾರ್ಡನ್ನೇ ತೆಗೆದುಕೋ. ಜಪಾನಿನಲ್ಲಿ ದೊಡ್ಡ ಹೆಸರು ಮಾಡಿ ಆ ವರ್ಷ ನಮ್ಮ ಸಿಯಾಟಲ್ ಮ್ಯಾರಿನರ್ಸ್ ತಂಡ ಸೇರಿದವನು. ಮೊದಲ ವರ್ಷವೇ ಅಮೆರಿಕನ್ ಲೀಗಿನ ಅತ್ಯುತ್ತಮ ಹೊಸ ಆಟಗಾರನೂ ಅವನೇ, ಅತ್ಯುತ್ತಮ ಆಟಗಾರನೂ ಅವನೇ. 2004ರ ಒಂದೇ ಸೀಸನ್ನಿನಲ್ಲಿ 262 ಹಿಟ್ (ಬೇಸ್ ತಲುಪಿಸಿದ ಹೊಡೆತ) ಹೊಡೆದು, 1920ರಿಂದ ನಿಂತಿದ್ದ ಜಾರ್ಜ್ ಸಿಸ್ಲರ್‌ನ 257ರ ದಾಖಲೆ ಮುರಿದ. 2025ರಲ್ಲಿ, ದೊಡ್ಡ ಆಟಗಾರರಿಗೆ ಮತ ಹಾಕಿ ಕೊಡುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದ. ಈಗ ಈ ಒಂದು ಕಾರ್ಡು ಎಲ್ಲಿಗೆ ಹೋಗಬೇಕು? ಮ್ಯಾರಿನರ್ಸ್ ಬೈಂಡರಿಗಾ (ಬೈಂಡರ್ ಅಂದರೆ ಕಾರ್ಡಿಡುವ ಕಿಸೆಗಳ ಹಾಳೆಗಳ ಫೈಲು), ಇಚಿರೊ ಬೈಂಡರಿಗಾ, ರೂಕಿ ಅಂದರೆ ಆಟಗಾರನ ಮೊದಲ ವರ್ಷದ ಕಾರ್ಡುಗಳ ಜೊತೆಗಾ, ಹಾಲ್ ಆಫ್ ಫೇಮ್ ಹಾಳೆಗಾ, 2001ರ ಸೆಟ್ಟಿಗಾ? 51ನೇ ನಂಬರಿನ ಅಂಗಿಯವರನ್ನು ಕೂಡಿಸುವವರೂ ಇದ್ದಾರೆ. ಅವರಿಗೆ ಇಚಿರೊನೂ ಬೇಕು, ಅವನಿಗಿಂತ ಮೊದಲು ಇದೇ ತಂಡದಲ್ಲಿ 51 ತೊಟ್ಟ ರ‍್ಯಾಂಡಿ ಜಾನ್ಸನ್ನೂ ಬೇಕು.

ಹುಣಸೆಹಣ್ಣು ಸಾರಿಗೂ ಬೇಕು, ಗೊಜ್ಜಿಗೂ ಬೇಕು, ಪುಳಿಯೋಗರೆಗೂ ಬೇಕು. ಹಾಗಂತ ಮೂರು ಕಡೆ ಇಡುತ್ತೀವಾ? ಡಬ್ಬ ಒಂದೇ. ಕಾರ್ಡಿಗೂ ಮನೆ ಒಂದೇ ಇರಲಿ. ಉಳಿದ ವಿಷಯಗಳೆಲ್ಲ ಬರೆದಿಟ್ಟ ಒಂದು ಪಟ್ಟಿಯಲ್ಲಿ ಇರಲಿ.

ಯಾವುದು ಮನೆ, ಯಾವುದು ಪಟ್ಟಿ ಅನ್ನೋದಕ್ಕೆ ನನ್ನ ಲೆಕ್ಕ ಹೀಗೆ. ಕಾರ್ಡಿನ ಮೇಲೆ ಅಚ್ಚಾಗಿರೋದು ಎಂದೂ ಬದಲಾಗುವುದಿಲ್ಲ. ವರ್ಷ, ಸೆಟ್ಟಿನಲ್ಲಿ ಅದರ ನಂಬರು, ತಂಡದ ಹೆಸರು, ಆಟಗಾರನ ಹೆಸರು ಎಲ್ಲ ಅಲ್ಲೇ ಇದೆ. ಇವುಗಳಲ್ಲಿ ಒಂದನ್ನು ಮನೆ ಮಾಡಿಕೊಳ್ಳಬಹುದು. ಆದರೆ ಹಾಲ್ ಆಫ್ ಫೇಮ್ ಥರದ ವಿಷಯ ಕಾಲ ಕಳೆದ ಹಾಗೆ ಬದಲಾಗುತ್ತದೆ. 2001ರಲ್ಲಿ ಇಚಿರೊ ಹಾಲ್ ಆಫ್ ಫೇಮಿನಲ್ಲಿ ಇರಲಿಲ್ಲ, ಈಗ ಇದ್ದಾನೆ. ಪ್ರತಿ ಜನವರಿಯಲ್ಲಿ ಮತದ ಫಲಿತಾಂಶ ಬರುತ್ತದೆ. ಅದಕ್ಕೊಂದು ಬೈಂಡರ್ ಮಾಡಿದರೆ ಪ್ರತಿ ವರ್ಷ ಉಳಿದ ಬೈಂಡರುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಬೇಕಾಗುತ್ತದೆ. ರೂಕಿ ಕಾರ್ಡಿನದೂ ಬೇರೆ ಥರದ ತಲೆನೋವು. 2006ರಿಂದ ಈಚಿನ ಕಾರ್ಡಿನ ಮೇಲೆ ರೂಕಿ ಅನ್ನುವ ಗುರುತೇ ಅಚ್ಚಾಗಿರುತ್ತದೆ, ಸುಲಭ. ಅದಕ್ಕೂ ಹಿಂದಿನವುಗಳಲ್ಲಿ ಯಾವುದು ನಿಜವಾದ ರೂಕಿ ಕಾರ್ಡ್ ಅಂತ ದೊಡ್ಡವರೇ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅದೂ ಪಟ್ಟಿಯಲ್ಲೇ ಇರಲಿ.

ಮನೆಗಳಲ್ಲೂ ಹಿರಿತನ ಬೇಕು. ಮಗ ಒಂದು ಸೆಟ್ ಪೂರ್ತಿ ಮಾಡುತ್ತಿದ್ದರೆ ಸೆಟ್ಟಿಗೇ ಮೊದಲ ಹಕ್ಕು, ಯಾಕೆಂದರೆ ನಂಬರಿನ ಸಾಲಿನಲ್ಲಿ ಒಂದು ಖಾಲಿ ಕಿಸೆ ಕಂಡರೂ ಮನಸ್ಸಿಗೆ ಕಿರಿಕಿರಿ. ಆಮೇಲೆ ಅವನ ಅಚ್ಚುಮೆಚ್ಚಿನ ಆಟಗಾರ, ಒಬ್ಬರೋ ಇಬ್ಬರೋ ಸಾಕು. ಕೊನೆಗೆ ತಂಡ. ಮೇಲಿನವರು ಬಿಟ್ಟ ಕಾರ್ಡು ಕೆಳಗಿನವರಿಗೆ. ಕಾರ್ಡು ಬೇರೆ ಕಡೆ ಹೋದ ಜಾಗದಲ್ಲಿ ಅದೇ ಅಳತೆಯ ಒಂದು ಕಾಗದದ ಚೀಟಿ ಇಡು. "ಇಚಿರೊ, ಸೆಟ್ ಬೈಂಡರಿನಲ್ಲಿದೆ" ಅಂತ ಮಗನ ಕೈಯಲ್ಲೇ ಬರೆಸು. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು, ಅಕ್ಷರವೂ ಕೈಗೆ ಹತ್ತುತ್ತದೆ.

ತಂಡ ಬದಲಿಸಿದವರ ಗೊಂದಲಕ್ಕೆ ನೇರ ಉತ್ತರ ಇದೆ: ಕಾರ್ಡಿನ ಮೇಲೆ ಯಾವ ತಂಡ ಅಚ್ಚಾಗಿದೆಯೋ ಅದೇ ಅವನ ತಂಡ. ರ‍್ಯಾಂಡಿ ಜಾನ್ಸನ್ 1998ರ ಜುಲೈನಲ್ಲಿ ಇಲ್ಲಿಂದ ಹ್ಯೂಸ್ಟನ್‌ಗೆ ಹೋದ. ಕೆನ್ ಗ್ರಿಫಿ ಜೂನಿಯರ್ 2000ದಲ್ಲಿ ಸಿನ್ಸಿನಾಟಿಗೆ ಹೋಗಿ, 2009ರಲ್ಲಿ ಮತ್ತೆ ಸಿಯಾಟಲ್‌ಗೆ ಬಂದ. ಗ್ರಿಫಿಯನ್ನೇ ಕೂಡಿಸುವವರಿಗೆ ಸಿನ್ಸಿನಾಟಿ ಕಾರ್ಡೂ ಬೇಕು. ಮ್ಯಾರಿನರ್ಸ್ ಕೂಡಿಸುವವರಿಗೆ ಬೇಡ. ಇವರಲ್ಲಿ ನಿನ್ನ ಮಗ ಯಾವ ಥರದವನು ಅಂತ ಅವನೇ ಹೇಳಲಿ.

ಇನ್ನು ಡೂಪ್ಲಿಕೇಟ್, ಅಂದರೆ ಒಂದೇ ಕಾರ್ಡಿನ ಇನ್ನೊಂದು ಪ್ರತಿ. ಎಂಬತ್ತರ ದಶಕದ ಕೊನೆ, ತೊಂಬತ್ತರ ಮೊದಲ ವರ್ಷಗಳ ಕಾರ್ಡುಗಳನ್ನು ಕಂಪನಿಗಳು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದವು. ಅದಕ್ಕೇ ಅವು ಇಂದಿಗೂ ಅಗ್ಗ. ಅಂಥ ಕಾರ್ಡಿಗೆ ತಲೆ ಕೆಡಿಸಿಕೊಳ್ಳಬೇಡ, ಎರಡು ಕೊಂಡು ಎರಡು ಕಡೆ ಇಡು. ಶುರು ಮಾಡೋಕೆ ನನ್ನ ಆಯ್ಕೆ 1987ರ ಟಾಪ್ಸ್, ಮರದ ಹಲಗೆಯಂಥ ಅಂಚಿನದು. 792 ಕಾರ್ಡು. ಒಂಬತ್ತು ಕಿಸೆಯ ಹಾಳೆಗೆ ಹಾಕಿದರೆ ಸರಿಯಾಗಿ 88 ಹಾಳೆ, ಒಂದು ಕಿಸೆಯೂ ಉಳಿಯುವುದಿಲ್ಲ. ಇಡೀ ಸೆಟ್ ಒಟ್ಟಿಗೇ ಸಿಗುತ್ತದೆ, ಆದರೆ ಬಿಡಿಬಿಡಿಯಾಗಿ ಕೂಡಿಸಿ ಮುಗಿಸೋದರಲ್ಲೇ ಮಗುವಿಗೆ ಸಂತೋಷ ಜಾಸ್ತಿ.

ಹೊಸ ಕಾರ್ಡುಗಳಲ್ಲಿ ಗೊಂದಲ ಹೆಚ್ಚಿಸೋದು ಪ್ಯಾರಲಲ್‌ಗಳು. ಅದೇ ಚಿತ್ರ, ಅಂಚಿನ ಬಣ್ಣ ಮಾತ್ರ ಬೇರೆ. ಟಾಪ್ಸ್‌ನ ಚಿನ್ನದ ಬಣ್ಣದ್ದು 2001ರಲ್ಲಿ ಪ್ರತಿ ಕಾರ್ಡಿಗೆ 2001 ಪ್ರತಿ ಮಾತ್ರ ಅಚ್ಚಾಯಿತು. ಇವನ್ನು ಸೆಟ್ಟಿಗೆ ಸೇರಿಸಬೇಡ, ಆಟಗಾರನ ಹತ್ತಿರ ಇಡು.

ಪಟ್ಟಿಗೆ ಒಂದು ಎಕ್ಸೆಲ್ ಹಾಳೆ ಸಾಕು. ಕಾರ್ಡಿಗೊಂದು ಸಾಲು. ಮನೆ ಅಂತ ಒಂದೇ ಅಂಕಣ, ಅದರಲ್ಲಿ ಒಂದೇ ಹೆಸರು. ಆಮೇಲೆ ರೂಕಿ, ಹಾಲ್ ಆಫ್ ಫೇಮ್, 51, ಹೀಗೆ ಎಷ್ಟು ವಿಷಯ ಬೇಕೋ ಅಷ್ಟು ಅಂಕಣ, ಸುಮ್ನೆ ಗುರುತು ಹಾಕುತ್ತಾ ಹೋಗೋದು. ಹಾಲ್ ಆಫ್ ಫೇಮ್ ಕಾರ್ಡುಗಳು ಎಷ್ಟಿವೆ ಅಂತ ನೋಡಬೇಕಾದರೆ ಆ ಅಂಕಣವನ್ನು ಫಿಲ್ಟರ್ ಮಾಡಿದರೆ ಆಯಿತು, ಒಂದು ಕಾರ್ಡನ್ನೂ ಹೊರಗೆ ತೆಗೆಯಬೇಕಾಗಿಲ್ಲ.

ಒಂದು ಹಾಳೆಗೆ ಮಾತ್ರ ಈ ನಿಯಮ ಬೇಡ. ಅದು ಮಗನದೇ ವಿಷಯ, ಅವನಿಗೆ ಹೊಳೆದದ್ದು. ಕೆನ್ ಗ್ರಿಫಿ ಸೀನಿಯರ್, ಜೂನಿಯರ್ ಅಪ್ಪ-ಮಗ ಒಂದೇ ತಂಡದಲ್ಲಿ ಆಡಿದರು. 1990ರ ಸೆಪ್ಟೆಂಬರ್ 14ರಂದು ಒಬ್ಬರ ಹಿಂದೆ ಒಬ್ಬರು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರದ ಹೊಡೆತ) ಹೊಡೆದರು. ಇದನ್ನು ಕೇಳಿದ ಮಗು ಅಪ್ಪ-ಮಗನ ಹಾಳೆ ಮಾಡುತ್ತೇನೆ ಅಂದರೆ ಸೆಟ್ಟಿನಿಂದ ಕಾರ್ಡು ಕಿತ್ತು ಕೊಡು, ಅಲ್ಲಿ ಚೀಟಿ ಇಡು. 42ರ ಹಾಳೆಯೂ ಚೆಂದ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಆಡಿ, ದೊಡ್ಡ ಲೀಗುಗಳು ಕಪ್ಪು ಆಟಗಾರರಿಗೆ ಹಾಕಿದ್ದ ಬಾಗಿಲನ್ನು ತೆಗೆಸಿದ. 1997ರಲ್ಲಿ ಅವನ 42ನೇ ನಂಬರನ್ನು ಎಲ್ಲ ತಂಡಗಳೂ ನಿಲ್ಲಿಸಿದವು. ಮೊದಲೇ ಅದನ್ನು ತೊಟ್ಟಿದ್ದವರಿಗೆ ಮಾತ್ರ ಬಿಟ್ಟರು, ಅವರಲ್ಲಿ ಕೊನೆಯವನು ಮರಿಯಾನೊ ರಿವೆರಾ, 2013ರವರೆಗೆ. ಈಗ ಪ್ರತಿ ಏಪ್ರಿಲ್ 15ಕ್ಕೆ ಎಲ್ಲರೂ 42 ತೊಡುತ್ತಾರೆ, ಆ ದಿನದ ಫೋಟೊ ಇರುವ ಕಾರ್ಡುಗಳೂ ಬರುತ್ತವೆ. ಈ ದೇಶದ ಚರಿತ್ರೆಯನ್ನು ನನ್ನ ಮಕ್ಕಳು ಕಲಿಯೋಕೆ ಶುರು ಮಾಡಿದ್ದು ಇಂಥ ಹಾಳೆಗಳಿಂದಲೇ. ನಾನೂ ಅವರ ಜೊತೆಗೇ ಕಲಿತೆ.

ದುಡ್ಡಿನ ಮಾತು. 1952ರ ಟಾಪ್ಸ್ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಈ ಕಥೆ ಮಗ ಶಾಲೆಯಲ್ಲಿ ಕೇಳಿಕೊಂಡೇ ಬರುತ್ತಾನೆ. ಆ ಆಸೆಗೆ, ಒಳಗೆ ಯಾವ ಕಾರ್ಡಿದೆ ಅಂತ ಗೊತ್ತಿಲ್ಲದ ಪ್ಯಾಕೆಟ್ ಮೇಲೆ ಪ್ಯಾಕೆಟ್ ಒಡೆಯುವುದು ಬೇಡವೇ ಬೇಡ, ಅದು ಲಾಟರಿಯೇ ಸರಿ. ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಿ. ಫೆಬ್ರವರಿ ಹೊತ್ತಿಗೆ ಟಾಪ್ಸ್ ಮೊದಲ ಸರಣಿ ಬಂದಾಗ ಹುಟ್ಟುಹಬ್ಬದ ಥರ ಒಂದೆರಡು ಪ್ಯಾಕೆಟ್ ಕೊಡಿಸು, ಸಾಕು. ವಾರದ ಕೊನೆಯಲ್ಲಿ ಕಾರ್ಡ್ ಶೋಗಳು ನಡೆಯುತ್ತವೆ, ಅಲ್ಲಿ ಅಗ್ಗದ ಕಾರ್ಡಿನ ಡಬ್ಬಗಳಲ್ಲಿ ಹುಡುಕೋದೇ ಒಂದು ಹಬ್ಬ. ಕೇಳದೆ ಯಾರ ಕಾರ್ಡನ್ನೂ ಮುಟ್ಟಬಾರದು, ಅಂಚು ಹಿಡಿದು ಎತ್ತಬೇಕು. ಇಷ್ಟು ಕಲಿಸಿ ಕಳಿಸಿದರೆ ಬಿಳಿ ಗಡ್ಡದ ಅಜ್ಜಂದಿರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಾರೆ. ನೀನೂ ಕುರ್ಚಿ ಎಳೆದುಕೊಂಡು ಕೂತುಕೋ. ಬಂದ ಹೊಸತರಲ್ಲಿ ಇಲ್ಲಿನ ಜನರ ಜೊತೆ ಏನು ಮಾತಾಡೋದು ಅಂತ ಗೊತ್ತಾಗಲ್ಲ ಅಲ್ವಾ? ಅಲ್ಲಿ ಆ ಕಷ್ಟ ಇರುವುದಿಲ್ಲ.

ಬೈಂಡರ್ ಕೊಳ್ಳುವಾಗ ಪಿವಿಸಿ ಇಲ್ಲದ ಹಾಳೆ ನೋಡಿ ತಗೋ. ಪಿವಿಸಿ ಕಾರ್ಡನ್ನು ಕೆಡಿಸುತ್ತದೆ. ಉಂಗುರ ದುಂಡಗಿನದು ಬೇಡ, ಡಿ ಆಕಾರದ್ದು ಇರಲಿ, ಹಾಳೆ ಮಡಚುವುದಿಲ್ಲ. 1952ರಿಂದ 1956ರವರೆಗಿನ ಟಾಪ್ಸ್ ಕಾರ್ಡು ಅಳತೆಯಲ್ಲಿ ದೊಡ್ಡದು, ಒಂಬತ್ತು ಕಿಸೆಯ ಹಾಳೆಗೆ ತುರುಕಬಾರದು. ಇಲ್ಲಿನ ತೇವಕ್ಕೆ ಗ್ಯಾರೇಜಿನಲ್ಲಿ ಇಡಲೇಬೇಡ, ಮಲಗುವ ಕೋಣೆಯ ಕಪಾಟೇ ಸರಿ.

ಶನಿವಾರ ಬಿಡುವಿದ್ದರೆ ಮಗನನ್ನೂ ಡಬ್ಬವನ್ನೂ ಕರೆದುಕೊಂಡು ಊಟಕ್ಕೆ ಬಾ. 1987ರ ಡೂಪ್ಲಿಕೇಟ್ ನನ್ನ ಹತ್ತಿರ ರಾಶಿ ಇವೆ, ಖಾಲಿ ಹಾಳೆಗಳೂ ಇವೆ. ಒಂದು ಮಧ್ಯಾಹ್ನದಲ್ಲಿ ಮೊದಲ ಬೈಂಡರ್ ಶುರು ಮಾಡಿಬಿಡೋಣ.